ಟೋನರ್ ಕುರಿತು ಅಕ್ಕನಿಗೆ

ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಉಳಿದವರು ನಗುವುದೋ ಬೇಡವೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅವನ ನಗು ಆಗಲೇ ಹೊರಗೆ ಬಿದ್ದಿತ್ತು. ಆಮೇಲೆ ಎಲ್ಲರೂ ನಕ್ಕರು.

ಪತ್ರಿಕೆಯ ಆಫೀಸಿನಲ್ಲಿ ಕಲಾವಿದ ಮೇಜಿನ ಅಂಚಿಗೆ ಕೂತು, ಆ ದಿನದ ಅಂಚೆಯಲ್ಲಿ ಬಂದ ಕಾಗದವೊಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಾಟಕದ ದನಿಯಲ್ಲಿ ಓದುತ್ತಿದ್ದ.

"ಪ್ರಿಯ ಅಕ್ಕ, ನನ್ನ ವಯಸ್ಸು ಎಪ್ಪತ್ತೊಂದು. ಗಂಡಸು. ದಿನವೂ ಮುಖ ತೊಳೆದ ಮೇಲೆ ಟೋನರ್ ಎಂಬ ದ್ರವ ಹಚ್ಚಿಕೊಳ್ಳುವುದು ಗಂಡಸರಿಗೆ ಅಗತ್ಯವೇ? ಅಗತ್ಯವಾದರೆ ಕ್ರೀಮಿಗೆ ಮೊದಲೋ, ನಂತರವೋ? ಮೂರು ವಾರದ ಹಿಂದೆ ಒಂದು ಬಾಟಲಿ ತಂದು ಬೀರುವಿನಲ್ಲಿ ಸ್ವೆಟರುಗಳ ಕೆಳಗೆ ಇಟ್ಟಿದ್ದೇನೆ. ಮುಚ್ಚಳ ತೆಗೆದಿಲ್ಲ. ಮನೆಯಲ್ಲಿ ಮಗ ಇದ್ದಾನೆ, ಬಹಳ ಓದಿದವನು. ಅವನನ್ನೇ ಕೇಳಬಹುದಿತ್ತು. ಆದರೆ ನಾವಿಬ್ಬರೂ ಮಾತಾಡುವುದು ಅಂತರರಾಷ್ಟ್ರೀಯ ವಿಷಯಗಳನ್ನು ಮಾತ್ರ."

ಅವನು ನಕ್ಕದ್ದು ಈ ವಾಕ್ಯಕ್ಕೆ.

ಪತ್ರಿಕೆಯ ವಾರದ ಪುರವಣಿಯಲ್ಲಿ 'ಅಕ್ಕನ ಕನ್ನಡಿ' ಎಂಬ ಅಂಕಣವಿತ್ತು. ಮೊಡವೆ, ಕೂದಲುದುರುವುದು, ಕಣ್ಣಿನ ಕೆಳಗಿನ ಕಪ್ಪು, ಬಿರಿದ ಹಿಮ್ಮಡಿ, ಎಲ್ಲಕ್ಕೂ ಅಲ್ಲಿ ಪರಿಹಾರ ಸಿಗುತ್ತಿತ್ತು. ಬರೆಯುತ್ತಿದ್ದ ಹೆಂಗಸು ಒಂಬತ್ತು ವರ್ಷದ ಹಿಂದೆ ಕೆಲಸ ಬಿಟ್ಟಾಗ ಸಂಪಾದಕರು ಅವನನ್ನು ಕರೆದು, ಎರಡು ವಾರ ನೀವೇ ಸುಧಾರಿಸಿ, ಅಷ್ಟರಲ್ಲಿ ಯಾರನ್ನಾದರೂ ನೋಡೋಣ ಎಂದಿದ್ದರು. ಯಾರನ್ನೂ ನೋಡಲಿಲ್ಲ. ಅಕ್ಕನ ಚಿತ್ರವನ್ನು ಕಲಾವಿದ ಬರೆದುಕೊಟ್ಟ: ತುರುಬು, ಕನ್ನಡಕ, ಎಲ್ಲ ಗೊತ್ತಿದ್ದೂ ಬಾಯಿ ಬಿಡದಂಥ ಒಂದು ನಗು. ಓದುಗರು ಅವಳನ್ನು ಮಗಳ ಮದುವೆಗೆ ಕರೆಯುತ್ತಿದ್ದರು. ಒಬ್ಬಾಕೆ ಕೈಯಾರೆ ಹೆಣೆದ ಉಣ್ಣೆಯ ಶಾಲು ಕಳಿಸಿದ್ದಳು. ಅದು ಅವನ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

ಆಫೀಸಿನಲ್ಲಿ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. 'ಆಧುನಿಕ ಮನುಷ್ಯನಲ್ಲಿ ತನ್ನತನದ ಪ್ರಶ್ನೆ' ಎಂದು ಮುನ್ನೂರ ಹನ್ನೆರಡು ಪುಟದ ಪ್ರಬಂಧ ಬರೆದಿದ್ದ. ಪ್ರಶ್ನೆಯೆಲ್ಲ ಬರೆದು ಮುಗಿದಿತ್ತು, ಕೊನೆಯ ಅಧ್ಯಾಯವೊಂದು ಕೈಗೆ ಹತ್ತಲಿಲ್ಲ. ಹಾಗಾಗಿ ಡಾಕ್ಟರೇಟ್ ಬರಲಿಲ್ಲ, ಹೆಸರು ಮಾತ್ರ ಬಂತು.

ಮನೆಯಲ್ಲಿ ಅವನು ಸಂಪಾದಕೀಯ ಬರೆಯುತ್ತಾನೆ ಎಂದು ತಿಳಿದಿದ್ದರು. ಅವನೇನೂ ಸುಳ್ಳು ಹೇಳಿರಲಿಲ್ಲ. ಒಂದು ಸಲ ಅಪ್ಪ, ಇವತ್ತಿನ ಸಂಪಾದಕೀಯ ನಿಂದೇ ತಾನೇ, ಭಾಷೆ ನೋಡಿದರೆ ಗೊತ್ತಾಗುತ್ತೆ ಅಂದಾಗ ಅವನು ಸುಮ್ಮನಿದ್ದ. ಆ ಸುಮ್ಮನಿರುವಿಕೆಗೆ ಈಗ ಒಂಬತ್ತು ವರ್ಷ. ಅಪ್ಪ ಬೆಳಿಗ್ಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಓದುತ್ತಿದ್ದರು. ಸಂಜೆ, ಆ ದೇಶದ ವಿದೇಶಾಂಗ ನೀತಿಯ ಬಗ್ಗೆ ಸ್ವಲ್ಪ ಬಿಗಿಯಾಗಿಯೇ ಬರೆದೆ ಎನ್ನುತ್ತಿದ್ದರು. ಬರೆಯಬೇಕಾಯಿತು ಎಂದು ಅವನು ಹೇಳುತ್ತಿದ್ದ. ಅಲ್ಲಿಗೆ ಅವತ್ತಿನ ಮಾತು ಮುಗಿಯುತ್ತಿತ್ತು.

"ತಗೊಳ್ಳಿ ಅಕ್ಕಾವ್ರೇ, ನಿಮ್ಮ ಅಭಿಮಾನಿ," ಎಂದು ಕಲಾವಿದ ಕಾಗದವನ್ನು ಮೇಜಿನ ಮೇಲೆ ಹಾಕಿದ.

ನಗುತ್ತಲೇ ಅದನ್ನು ಎತ್ತಿಕೊಂಡ. ಅಕ್ಷರಗಳು ಒಂದೇ ಎತ್ತರಕ್ಕೆ, ನಕಾಶೆಯ ಮೇಲೆ ಊರಿನ ಹೆಸರು ಬರೆದಂತೆ ಸಾಲಾಗಿ ಕೂತಿದ್ದವು. ಪ್ರತಿ ಸಾಲಿನಡಿಯಲ್ಲೂ ಸ್ಕೇಲಿಟ್ಟು ಎಳೆದು ಆಮೇಲೆ ರಬ್ಬರಿನಿಂದ ಉಜ್ಜಿದ ಪೆನ್ಸಿಲ್ ಗೆರೆಯ ನೆರಳು. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೊಳವೆಗಳ ನಕ್ಷೆ ಬರೆದ ಕೈ ಅದು. ಅವನ ಶಾಲೆಯ ಪುಸ್ತಕಗಳ ಮೇಲೆಲ್ಲ ಅವನ ಹೆಸರು ಬರೆದುಕೊಟ್ಟ ಕೈ.

ನಗು ತುಟಿಯ ಮೇಲೇ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ.

ಸಂಪಾದಕರು ತಮ್ಮ ಕೋಣೆಯಿಂದ ಬಂದು, ಏನು ಅಷ್ಟೊಂದು ನಗು ಎಂದು ಕೇಳಿ, ಕಾಗದ ಓದಿ ತಾವೂ ನಕ್ಕರು. ಈ ವಾರ ಇದನ್ನೇ ಮೇಲೆ ತಗೊಳ್ಳಿ, ಪಕ್ಕದಲ್ಲೊಂದು ವ್ಯಂಗ್ಯಚಿತ್ರ ಇರಲಿ, ಎರಡೂವರೆಗೆ ಪುಟ ಅಚ್ಚಿಗೆ ಹೋಗಬೇಕು ಎಂದರು.

"ಚಿತ್ರ ಬೇಡ ಅನ್ಸುತ್ತೆ," ಅಂದ ಅವನು.

"ಯಾಕೆ?"

"ಬರೆದವರಿಗೆ ಬೇಜಾರಾಗಬಹುದು."

"ಹೆಸರೇ ಇಲ್ವಲ್ಲ. ಯಾರಿಗೆ ಬೇಜಾರು?"

"ಯಾರಿಗಾದ್ರೂ."

"ಡಾಕ್ಟ್ರೇ," ಸಂಪಾದಕರು ಅವನ ಭುಜದ ಮೇಲೆ ಕೈಯಿಟ್ಟರು. "ನಿಮ್ಮ ನಗು ನನ್ನ ರೂಮಿನವರೆಗೂ ಕೇಳಿಸ್ತು."

ಅವರು ನಮ್ಮಪ್ಪ ಎಂದರೆ ಮುಗಿಯುತ್ತಿತ್ತು. ಎರಡೇ ಶಬ್ದ. ಆದರೆ ಹೇಳಿದ ಮೇಲೆ ಈ ಕೋಣೆಯಲ್ಲಿ ಉಂಟಾಗುವ ಮೌನ, ಕಲಾವಿದ ಕ್ಷಮೆ ಕೇಳುವ ರೀತಿ, ನಾಳೆಯಿಂದ ಎಲ್ಲರೂ ಅಪ್ಪನ ಕ್ಷೇಮ ವಿಚಾರಿಸುವುದು, ಎಲ್ಲವೂ ಕಣ್ಣ ಮುಂದೆ ಬಂದು, ಊಟಕ್ಕೆ ಹೋಗಿಬರುತ್ತೇನೆ ಎಂದು ಎದ್ದ.

ಊಟ ಮಾಡಲಿಲ್ಲ. ಉತ್ತರ ಬರೆಯಬೇಕಿತ್ತು, ಟೋನರ್ ಎಂದರೆ ಏನೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಅಕ್ಕ ಎಷ್ಟೋ ಸಲ ಟೋನರ್ ಹಚ್ಚಿ ಎಂದಿದ್ದಳು. ಹಳೆಯ ಪುರವಣಿ ನೋಡಿ ಬರೆದದ್ದು. ಇವತ್ತು ಮಾತ್ರ ತಿಳಿದು ಬರೆಯಬೇಕು ಎನಿಸಿತು. ಕಟ್ಟಡದ ಕೆಳಗೇ ಒಂದು ಸೌಂದರ್ಯ ಸಾಮಗ್ರಿಯ ಅಂಗಡಿಯಿತ್ತು. ದಿನಾ ಅದರ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದವನು ಒಳಗೆ ಹೋದ.

ಕೌಂಟರಿನ ಹುಡುಗಿ ನಿಮಗಾ ಎಂದು ಕೇಳಿದಳು. ಅಲ್ಲ, ನಮ್ಮ ತಂದೆಗೆ ಎಂದ. ಬೆಳಗಿನಿಂದ ಅವನ ಬಾಯಿಂದ ಬಂದ ಮೊದಲ ನಿಜ ಅದು.

"ಎಲ್ಲರೂ ಹಾಗೇ ಹೇಳ್ತಾರೆ ಸರ್," ಅವಳು ನಗಲಿಲ್ಲ, ಸಮಾಧಾನ ಮಾಡುವಂತೆ ಹೇಳಿದಳು. "ಕೆಲವರು ತಮ್ಮನಿಗೆ ಅಂತಾರೆ, ಕೆಲವರು ಫ್ರೆಂಡಿಗೆ. ತಂದೆಗೆ ಅಂದೋರು ನೀವೇ ಮೊದಲು."

ಅವಳಿಗೆ ತನ್ನ ಕೆಲಸ ಗೊತ್ತಿತ್ತು. ಗಂಡಸರಿಗಾಗಲಿ ಹೆಂಗಸರಿಗಾಗಲಿ ಟೋನರ್ ಇಲ್ಲದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದಳು. ಮೃದುವಾದ ಫೇಸ್‌ವಾಶ್, ತೇವ ಹಿಡಿದಿಡುವ ಕ್ರೀಮ್, ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್, ಇವು ಮೂರಿದ್ದರೆ ಸಾಕು. ಟೋನರ್ ಬೇಕೆಂದರೆ ತೊಳೆದ ಮೇಲೆ, ಕ್ರೀಮಿಗೆ ಮೊದಲು. ಎಣ್ಣೆ ಜಿಡ್ಡಿನ ಮುಖಕ್ಕೆ ಒಂದು ಥರದ್ದು, ಒಣ ಮುಖಕ್ಕೆ ಒಂದು ಥರದ್ದು. ವಯಸ್ಸಾದವರಿಗೆ ಆಲ್ಕೋಹಾಲ್ ಇರುವುದನ್ನು ಮಾತ್ರ ಕೊಡಲೇಬಾರದು, ಶೇವ್ ಮಾಡಿದ ಮೇಲಂತೂ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ಅವನು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಇಷ್ಟು ಶ್ರದ್ಧೆಯಿಂದ ಪ್ರಬಂಧಕ್ಕೂ ಟಿಪ್ಪಣಿ ಮಾಡಿರಲಿಲ್ಲ.

ಹೋಗುವಾಗ ಅವಳು ಅವನ ಮುಖವನ್ನೇ ನೋಡಿ, ನಿಮ್ಮದು ತುಂಬಾ ಡ್ರೈ ಸರ್, ಒಳಗೆ ನೀರೇ ಇಲ್ಲ ಎಂದಳು. ವೃತ್ತಿಯ ಮಾತು. ಆದರೂ ಮೆಟ್ಟಿಲು ಹತ್ತುವಾಗ ಅವನಿಗೆ ಬೇರೇನೂ ಹೊಳೆಯಲಿಲ್ಲ.

ಉತ್ತರ ಸಲೀಸಾಗಿ ಬಂತು. 'ನಿಮ್ಮ ಪ್ರಶ್ನೆಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮುಖ ಎಪ್ಪತ್ತೊಂದು ವರ್ಷ ನಿಮ್ಮ ಜೊತೆ ಬಾಳಿದೆ, ಅದಕ್ಕೆ ದಿನಕ್ಕೆ ಎರಡು ನಿಮಿಷ ಕೊಟ್ಟರೆ ತಪ್ಪೇನು?' ಎಂದು ಶುರುಮಾಡಿ ಕ್ರೀಮಿಗೆ ಮೊದಲು, ಆಲ್ಕೋಹಾಲ್ ಬೇಡ, ಕಡ್ಡಾಯವೇನಲ್ಲ, ಹಿತವೆನಿಸಿದರೆ ಹಚ್ಚಿ ಎಂದೆಲ್ಲ ಬರೆದ. ಅಕ್ಕನ ದನಿಯಲ್ಲಿ ಅವನಿಗೆ ಎಂದೂ ತಡವರಿಕೆ ಇರಲಿಲ್ಲ. ಕೊನೆಗೆ, 'ನಿಮ್ಮ ಮಗನನ್ನೇ ಒಮ್ಮೆ ಕೇಳಿ ನೋಡಿ, ಅವನು ನೀವು ತಿಳಿದಷ್ಟು ದೂರದವನಲ್ಲದಿರಬಹುದು' ಎಂದು ಬರೆದು ಕುರ್ಚಿಗೆ ಒರಗಿದ. ಒಳ್ಳೆಯ ವಾಕ್ಯ. ಕಣ್ಣು ತುಸು ಒದ್ದೆಯೂ ಆಯಿತು.

ಆಮೇಲೆ, ಅಪ್ಪ ನಿಜಕ್ಕೂ ಬಂದು ಕೇಳಿಬಿಟ್ಟರೆ ಎಂದು ಹೊಳೆಯಿತು.

ವಾಕ್ಯವನ್ನು ಅಳಿಸಿದ. ಆ ಜಾಗದಲ್ಲಿ 'ಸಾಕಷ್ಟು ನೀರು ಕುಡಿಯಿರಿ' ಎಂದು ಹಾಕಿದ.

ಎರಡು ಗಂಟೆಗೆ ಕಲಾವಿದ ಚಿತ್ರ ತಂದು ತೋರಿಸಿದ. ಮುದುಕನೊಬ್ಬ ಬೀರುವಿನೊಳಗೆ ತಲೆ ತೂರಿಸಿ, ಒಂದು ಕಣ್ಣು ಬಾಗಿಲ ಕಡೆಗಿಟ್ಟು, ಬಾಟಲಿಯನ್ನು ಕೂಸಿನಂತೆ ಎದೆಗವಚಿಕೊಂಡಿದ್ದ. ಗಲ್ಲದ ಗುಳಿ, ಮೇಲಕ್ಕೆದ್ದ ಎಡಹುಬ್ಬು, ಕಿವಿಯ ಮೇಲಿನ ಕೂದಲು. ಅಪ್ಪನೇ. ಯಾವ ಓದುಗನೂ ಹಿಡಿಯಲಾರ, ಅಪ್ಪನೊಬ್ಬರನ್ನು ಬಿಟ್ಟು.

"ಇವರನ್ನ ಎಲ್ಲಿ ನೋಡಿದಿರಿ?" ಎಂದು ಕೇಳಿದ.

"ನೋಡೋದೇನು? ಎದುರಿಗೇ ಕೂತಿದ್ರಲ್ಲ. ನಿಮ್ಮ ಮುಖಕ್ಕೇ ಮೂವತ್ತು ವರ್ಷ ಸೇರಿಸ್ದೆ. ಬೇಜಾರಾಯ್ತಾ?"

"ಇಲ್ಲ."

"ಬೇಜಾರಾದ್ರೆ ಹೇಳಿ, ಮೀಸೆ ಹಾಕ್ತೀನಿ."

ಹಾಕಿ, ಅಂದ. ಕಲಾವಿದ ಅಲ್ಲೇ ನಿಂತು ಮೀಸೆ ಎಳೆದ. ಈಗ ಅದು ಮೀಸೆ ಬಿಟ್ಟ ಅಪ್ಪನ ಹಾಗಿತ್ತು. ಅವನ ಮದುವೆಯ ಫೋಟೋದಲ್ಲಿ ಅಪ್ಪನಿಗೆ ಅದೇ ಮೀಸೆಯಿತ್ತು.

ಎರಡೂವರೆಗೆ ಪುಟ ಹೋಯಿತು. ಸಂಪಾದಕರು ಉತ್ತರವನ್ನು ಓದಿ, ಅಕ್ಕ ಈ ಸಲ ಯಾಕೋ ಗಂಭೀರವಾಗಿಬಿಟ್ಟಿದ್ದಾಳೆ, ಚಿತ್ರಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಅರ್ಧ ಹೊಡೆದುಹಾಕಿ, 'ಅಜ್ಜಾ, ಮೊದಲು ಮುಚ್ಚಳ ತೆಗೆಯಿರಿ!' ಎಂದು ಕೊನೆಗೆ ಸೇರಿಸಿದರು. ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದ. ಚೆನ್ನಾಗಿಯೇ ಇತ್ತು.

ತಲೆನೋವೆಂದು ಹೇಳಿ ಐದಕ್ಕೇ ಮನೆಗೆ ಹೊರಟ. ಬಸ್ಸಿನಲ್ಲಿ ಕೂತು, ಭಾನುವಾರ ಪುರವಣಿ ಮನೆಗೆ ಬರದಂತೆ ಮಾಡುವುದು ಹೇಗೆಂದು ಲೆಕ್ಕ ಹಾಕಿದ. ಪೇಪರ್ ಹಾಕುವವನು ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲಬೇಕು. ಆದರೆ ಅಪ್ಪ ಅವನಿಗಿಂತ ಮೊದಲು ಏಳುತ್ತಾರೆ. ಎಲ್ಲವನ್ನೂ ಹೇಳಿಬಿಟ್ಟರೆ? ಅಪ್ಪಾ, ಆ ಅಕ್ಕ ನಾನೇ. ಮನಸ್ಸಿನಲ್ಲೇ ಹೇಳಿ ನೋಡಿದ. ಪಕ್ಕದಲ್ಲಿ ಕೂತಿದ್ದವನು ತಿರುಗಿ ನೋಡಿದ್ದರಿಂದ ಬಾಯಿಬಿಟ್ಟೇ ಹೇಳಿದೆನೆಂದು ಗೊತ್ತಾಯಿತು.

ಹೆಂಡತಿ ಆಸ್ಪತ್ರೆಯ ಲ್ಯಾಬಿನಿಂದ ಬರುವುದು ಎಂಟಕ್ಕೆ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಈ ಹೊತ್ತಿನಲ್ಲಿ ಮನೆಯಲ್ಲಿ ಅಪ್ಪನೊಬ್ಬರೇ. ಬಾಗಿಲು ತೆಗೆದು ಒಳಗೆ ಬಂದ.

ಅಪ್ಪ ಹಾಲಿನಲ್ಲಿ ಫ್ಯಾನಿನ ಕೆಳಗೆ ಕೂತು, ಮುಖವನ್ನು ಮೇಲೆತ್ತಿ, ಕಣ್ಣು ಮುಚ್ಚಿಕೊಂಡಿದ್ದರು. ಮುಖವೆಲ್ಲ ಒದ್ದೆ. ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು, ಫೋಟೋ ತೆಗೆಸಿಕೊಳ್ಳುವವರಂತೆ.

"ಬಂದೆಯೇನೋ? ಇಷ್ಟು ಬೇಗ?"

"ಹೂಂ."

"ಮುಖಕ್ಕೇನೋ ಹಚ್ಚಿದೀನಿ. ತಾನಾಗಿ ಒಣಗಬೇಕಂತೆ. ನೋಡಬೇಡ."

"ನೋಡ್ತಿಲ್ಲ," ಎಂದು ಎದುರಿನ ಕುರ್ಚಿಯಲ್ಲಿ ಕೂತು ನೋಡಿದ. ನಿಜವಾಗಿ ನೋಡಿದ್ದು ಎಷ್ಟು ವರ್ಷದ ಮೇಲೋ. ಕಣ್ಣು ಮುಚ್ಚಿದ್ದರಿಂದ ಸಾಧ್ಯವಾಯಿತು. ಮೂಗಿನ ಪಕ್ಕದಲ್ಲಿ ಒಂದು ನರಹುಲಿ. ಅದು ಯಾವಾಗ ಬಂತೋ ಅವನಿಗೆ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿದ್ದರಿಂದ ಅಪ್ಪನಿಗೂ ಮಾತು ಸುಲಭವಾದಂತಿತ್ತು. ನಿಮ್ಮ ಪತ್ರಿಕೆಯಲ್ಲಿ ಆ ಅಕ್ಕ ಇದ್ದಾರಲ್ಲ, ಎಂಥವರು ಎಂದು ಕೇಳಿದರು. ತನಗೆ ಅಷ್ಟು ಪರಿಚಯವಿಲ್ಲ, ಅವರು ಬೇರೆ ಮಹಡಿ ಎಂದ. ಒಂಬತ್ತು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದೂ ಮಾತಾಡಿಸಿಲ್ಲವೇ ಎಂದು ಅಪ್ಪ ಬೇಸರಪಟ್ಟರು. ಬಹಳ ತಿಳಿವಳಿಕೆಯ ಹೆಂಗಸು, ಮೊಡವೆಯ ಬಗ್ಗೆ ಬರೆದರೂ ಓದುವವರ ಮನಸ್ಸನ್ನೇ ಮುಟ್ಟುವ ಹಾಗೆ ಬರೆಯುತ್ತಾರೆ ಎಂದರು. ಸ್ವಲ್ಪ ತಡೆದು, ನಿನ್ನ ಸಂಪಾದಕೀಯ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ, ಆದರೆ ಅದರಲ್ಲಿ ಜೀವ ಇರಲ್ಲ ಎಂದರು.

"ಅವರಿಗೊಂದು ಕಾಗದ ಬರೆದೆ ಕಣೋ."

ಅವನು ಏನಂತ ಎಂದು ಕೇಳಿದ.

"ಏನೋ ಒಂದು. ಉತ್ತರ ಬರೋವರೆಗೂ ಕಾಯೋಣ ಅಂತಿದ್ದೆ, ತಡೀಲಿಲ್ಲ." ಒದ್ದೆ ಮುಖ ಚೂರು ಕೆಂಪಾಯಿತು. "ಒಂದಿನ ನಿನ್ನ ಜೊತೆ ಆಫೀಸಿಗೆ ಬಂದು ನೋಡ್ಲಾ ಅವರನ್ನ? ಹೆಚ್ಚೇನಿಲ್ಲ. ಎದುರಿಗೆ ಕೂತು ಎರಡು ಮಾತು."

ಈಗ ಹೇಳಬಹುದಿತ್ತು. ಅಪ್ಪ ಕಣ್ಣು ಮುಚ್ಚಿದ್ದರು, ಇದಕ್ಕಿಂತ ಒಳ್ಳೆಯ ಸಮಯ ಬರುತ್ತಿರಲಿಲ್ಲ. ಅವನು ಬಾಯಿ ತೆರೆದ. ನಾಲಗೆಯ ತುದಿಗೆ ಬಂದದ್ದು 'ನಿಮ್ಮ ಆಸೆಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ' ಎಂಬ ವಾಕ್ಯ. ಅಕ್ಕನದೇ ದನಿ, ಅಕ್ಕನದೇ ನಯ. ಅದರ ಹಿಂದೆ ತನ್ನದೊಂದು ಮಾತಿದೆಯೇ ಎಂದು ಹುಡುಕಿದ. ಸಿಗಲಿಲ್ಲ.

ಕುರ್ಚಿ ಸದ್ದಾಗದಂತೆ ಎದ್ದ. ಬೂಟುಗಳನ್ನು ಕೈಗೆತ್ತಿಕೊಂಡು ತನ್ನ ಮನೆಯಿಂದ ತಾನೇ ಕಳ್ಳನಂತೆ ಹೆಜ್ಜೆ ಇಡುತ್ತ ಹೊರಗೆ ಬಂದು ಮೆಟ್ಟಿಲ ಬಳಿ ಕಾಲುಚೀಲದಲ್ಲಿ ನಿಂತ. ಬಾಗಿಲು ಅರ್ಧ ತೆರೆದೇ ಇತ್ತು.

ಒಳಗೆ ಅಪ್ಪ ಮಾತಾಡುತ್ತಲೇ ಇದ್ದರು. ಅಮ್ಮ ಇದ್ದಾಗ ದಿನಾ ಶೇವ್ ಮಾಡಿದ ಮೇಲೆ ಕೆನ್ನೆ ಮುಟ್ಟಿ ನೋಡಿ, ಇಲ್ಲೊಂದು ಬಿಟ್ಟಿದೀರಿ ಎನ್ನುತ್ತಿದ್ದಳು ಎಂದು ಹೇಳುತ್ತಿದ್ದರು. ಆಮೇಲೆ ಮುಖಕ್ಕೆ ಯಾರ ಕೈಯೂ ತಾಗಿಲ್ಲ ಎಂದರು. ಹೇಳಿ, ಉತ್ತರಕ್ಕಾಗಿ ನಿಲ್ಲಿಸಿದರು. ಖಾಲಿ ಕುರ್ಚಿಗೆ ಮುಖವೊಡ್ಡಿ, ಎದುರಿನವರು ಏನೋ ಸಮಾಧಾನ ಹೇಳಿದಂತೆ ಮೆಲ್ಲಗೆ ತಲೆಯಾಡಿಸಿದರು. ಫ್ಯಾನ್ ತಿರುಗುತ್ತಿತ್ತು. ಮುಖ ಇನ್ನೂ ಒಣಗಿರಲಿಲ್ಲ.