ಡಿಸ್ಪ್ಯಾಚಿನ ಕಳ್ಳ ಕಂಪ್ಯೂಟರ್

ಮುಕ್ತಾ ಮೇಡಂ ನಮ್ಮ ಫ್ಯಾಕ್ಟರಿಗೆ ಬಂದು ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ ದಿನ ನಾನು ಅವರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದೆ. ಇವತ್ತು ಯಾರಾದರೂ ಅವರ ಬಗ್ಗೆ ಒಂದು ಕೆಟ್ಟ ಮಾತು ಆಡಿ ನೋಡಲಿ, ಜನ್ಮ ಜಾಲಾಡಿಬಿಡುತ್ತೇನೆ.

೧೯೮೬ರ ಮಾತು. ಬೊಂಬಾಯಿ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ಬಣ್ಣದ ಫ್ಯಾಕ್ಟರಿ. ಲಾರಿಗಳಿಗೆ ಡಬ್ಬ, ಡ್ರಮ್ಮು ತುಂಬಿಸಿ ಕಳಿಸುವ ಡಿಸ್ಪ್ಯಾಚ್ ವಿಭಾಗದಲ್ಲಿ ನಾನಿದ್ದೆ. ಅದಕ್ಕೂ ಮೊದಲು ಅದೇ ಫ್ಯಾಕ್ಟರಿಯ ಟೈಪಿಂಗ್ ಪೂಲ್‌ನಲ್ಲಿ ಕೊಳೆಯುತ್ತಿದ್ದೆ. ಒಂದು ಕೋಣೆ, ಸಾಲಾಗಿ ಹುಡುಗಿಯರು, ಎದುರಿಗೊಬ್ಬ ಸೂಪರ್‌ವೈಸರ್. ನಾವು ಕತ್ತೆತ್ತಿದರೆ ಸಾಕು, ಆ ಮಹಾನುಭಾವ ಕೆಮ್ಮುತ್ತಿದ್ದ. ಬಿ.ಎಸ್ಸಿ. ಓದಿದ್ದು ಈ ಕೆಮ್ಮು ಕೇಳುವುದಕ್ಕಾ ಎಂದು ನನಗೆ ಅಳುವೇ ಬರುತ್ತಿತ್ತು.

ಅಲ್ಲಿಂದ ನನ್ನನ್ನು ಎಬ್ಬಿಸಿ ತಂದವರು ಡಿಸ್ಪ್ಯಾಚ್ ಮ್ಯಾನೇಜರ್ ವಿಷ್ಣುಮೂರ್ತಿ, ನಮ್ಮ ಉಡುಪಿ ಕಡೆಯವರೇ. ಕಂಪನಿಯ ದೊಡ್ಡ ಕಂಪ್ಯೂಟರ್ ಬೊಂಬಾಯಿಯ ಫೋರ್ಟಿನ ಹೆಡ್ ಆಫೀಸಿನಲ್ಲಿತ್ತು. ಅದಕ್ಕೆ ಏಸಿ ಕೋಣೆ, ಒಳಗೆ ಹೋಗಲು ಚಪ್ಪಲಿ ಬಿಚ್ಚಬೇಕು. ಅದನ್ನು ನೋಡಿಕೊಳ್ಳುವ ಇಲಾಖೆಗೆ ಇಡಿಪಿ ಎಂದು ಹೆಸರು. ಗೋದಾಮಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಇವತ್ತು ಕೇಳಿದರೆ ಮುಂದಿನ ತಿಂಗಳು ಉತ್ತರ ಬರುತ್ತಿತ್ತು. ಅಷ್ಟರಲ್ಲಿ ಆ ಬಣ್ಣ ಯಾರದೋ ಗೋಡೆಯ ಮೇಲೆ ಒಣಗಿರುತ್ತಿತ್ತು!

ವಿಷ್ಣುಮೂರ್ತಿಯವರಿಗೆ ರೋಸಿಹೋಯಿತು. ಸ್ವಂತಕ್ಕೊಂದು ಸಣ್ಣ ಕಂಪ್ಯೂಟರ್ ತರಿಸಿಯೇಬಿಟ್ಟರು. ಕಂಪ್ಯೂಟರ್ ಎಂದು ಬರೆದರೆ ಇಡಿಪಿಯ ಒಪ್ಪಿಗೆ ಬೇಕು, ಅವರು ಒಪ್ಪುವುದಿಲ್ಲ. ಹಾಗಾಗಿ ಕಾಗದದಲ್ಲಿ ಅದು ಎಲೆಕ್ಟ್ರಿಕ್ ಟೈಪ್‌ರೈಟರ್ ಆಯಿತು.

"ಜಯಲತಾ, ನಿಮಗಿದು ಆಗ್ತದಾ?" ಎಂದು ಕೇಳಿದರು.

"ಆಗದೆ ಎಂಥದ್ದು ಸರ್, ಇದೇನು ಹುಲಿಯಾ?" ಎಂದೆ.

ಬಾಯಿಗೆ ಬಂದದ್ದು ಹೇಳಿದ್ದೆ, ನಿಜಕ್ಕೂ ಹುಲಿಯೇ ಆಗಿತ್ತು. ಮಾರಿದವರು ಒಂದಿಷ್ಟು ಹೇಳಿಕೊಟ್ಟರು, ಉಳಿದದ್ದನ್ನು ನಾನೇ ಕುಸ್ತಿ ಹಿಡಿದು ಕಲಿತೆ. ಯಾವ ಲಾರಿಗೆ ಯಾವ ಡ್ರಮ್ಮು, ಮೊದಲು ಇಳಿಯುವುದು ಯಾವುದು, ಆದ್ದರಿಂದ ಕೊನೆಗೆ ಹತ್ತಬೇಕಾದದ್ದು ಯಾವುದು ಎಂದು ಹೇಳುವ ಪ್ರೋಗ್ರಾಮನ್ನು ನಾನೇ ಬರೆದೆ. ಡ್ರೈವರುಗಳು ನನ್ನ ಮೇಜಿನ ಸುತ್ತ "ಜಯಾಬಾಯಿ, ಮೇರಾ ಗಾಡಿ ದೇಖೋ ನಾ" ಎಂದು ಮುತ್ತಿಕೊಳ್ಳುತ್ತಿದ್ದರು. ನಾನು ಗದರುತ್ತಿದ್ದೆ, ಆದರೆ ಒಳಗೊಳಗೆ ಹಬ್ಬ. ಹೆಡ್ ಆಫೀಸಿನವರು ಯಾರೇ ಬಂದರೂ ಯಂತ್ರದ ಮೇಲೆ ಒಂದು ಬಟ್ಟೆ ಹೊದಿಸಿಬಿಡುತ್ತಿದ್ದೆವು.

ಗುಟ್ಟು ರಟ್ಟಾದದ್ದು ಖಂಡೇನವಮಿಯ ದಿನ. ಆವತ್ತು ಫ್ಯಾಕ್ಟರಿಯಲ್ಲಿ ತೂಕದ ಯಂತ್ರದಿಂದ ಹಿಡಿದು ಕೈಗಾಡಿಯವರೆಗೆ ಎಲ್ಲದಕ್ಕೂ ಪೂಜೆ. ಹೊರೆ ಹೊರುವವರ ಮುಕಾದಮ ಶಿವರಾಯ, ಕಲಬುರಗಿ ಕಡೆಯವನು, ವಿಠ್ಠಲವಾಡಿಯಲ್ಲಿ ಅವನ ಮನೆ. ನಾನು ಪ್ರಸಾದದ ತಟ್ಟೆ ತರಲು ಹೋಗಿ ಬರುವಷ್ಟರಲ್ಲಿ ಪುಣ್ಯಾತ್ಮ ಬಟ್ಟೆ ಕಿತ್ತೆಸೆದು, ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಪರದೆಯ ನಟ್ಟನಡುವೆ ಅಂಗೈಯಗಲ ಕುಂಕುಮ ಬಳಿದು, ಮುಂದೊಂದು ಕಾಯಿ ಒಡೆದಿದ್ದ.

"ಅಯ್ಯೋ ಶಿವರಾಯ, ಏನು ಮಾಡಿದೆಯೋ!"

"ಪೂಜಿ ಮಾಡೀನ್ರಿ ಬಾಯಿ. ಎಲ್ಲಾ ಮಷೀನಿಗೀ ಹಾರ ಹಾಕಿ, ದಿನಾ ದುಡಿಯೂದಕ್ಕ ಮುಸುಕು ಹಾಕಿ ಕುಂದ್ರಸೀರಿ. ಪಾಪ ಹತ್ತತದ್ರಿ!"

ನಾನು ಬಟ್ಟೆಗೆ ಕೈಹಾಕುವ ಮೊದಲೇ ಪ್ರಸಾದಕ್ಕೆಂದು ಹೆಡ್ ಆಫೀಸಿನ ಸಾಹೇಬರ ದಂಡು ಬಾಗಿಲಲ್ಲಿ ನಿಂತಿತ್ತು. ಅದರಲ್ಲಿ ಇಡಿಪಿಯ ಮುಖ್ಯಸ್ಥೆ ಮುಕ್ತಾ ಮೇಡಮ್ಮೂ ಇದ್ದರು. ಅವರು ಕಾಯಿಚೂರು ಬಾಯಿಗೆ ಹಾಕಿಕೊಂಡು ಅಚ್ಚ ಉಡುಪಿ ಕನ್ನಡದಲ್ಲಿ, "ವಿಷ್ಣುಮೂರ್ತಿ, ನಿಮ್ಮ ಟೈಪ್‌ರೈಟರಿಗೆ ಟಿವಿ ಕೂಡ ಉಂಟಲ್ಲ!" ಎಂದರು.

ದಸರಾ ಮುಗಿದ ಮೇಲೆ ಮೇಡಂ ಒಬ್ಬರೇ ಬಂದರು. ಯಂತ್ರ ಹೋಯಿತು, ನಾನು ಆ ಕೆಮ್ಮಿನ ಕೋಣೆಗೆ ವಾಪಸ್ಸು ಎಂದುಕೊಂಡೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಕುಳಿತಿದ್ದೆ. ಆ ಹೆಂಗಸು ಜಗಳ ಆಡಲಿಲ್ಲ. ಇಡೀ ಪಾಳಿ ನನ್ನ ಪಕ್ಕದಲ್ಲಿ ಕುಳಿತು, ನಾನು ಮಾಡುವುದನ್ನೆಲ್ಲ ನೋಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಪ್ರೋಗ್ರಾಮ್ ಚಂದ ಉಂಟು. ನಾಳೆ ನೀವು ಬರದಿದ್ದರೆ ಇದನ್ನು ನಡೆಸುವುದು ಯಾರು?"

"ನಾನು ರಜೆ ಹಾಕುವವಳಲ್ಲ" ಎಂದೆ, ಗರ್ವದಿಂದಲೇ.

"ಜ್ವರ ಬರ್ತದೆ. ಲೋಕಲ್ ಟ್ರೈನು ನಿಲ್ತದೆ. ಆಗ ಲಾರಿಗಳೂ ನಿಲ್ಲುವುದಾ?"

ವಿಷ್ಣುಮೂರ್ತಿ ಫ್ಯಾನು ನೋಡತೊಡಗಿದರು.

"ಯಂತ್ರ ಎತ್ತಿಕೊಂಡು ಬಾ ಅಂತ ಮೇಲಿನವರು ಹೇಳಿದ್ದಾರೆ" ಎಂದರು ಮೇಡಂ. "ಅದು ಸುಲಭ. ಆದರೆ ನಾವು ಲೆಕ್ಕ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ನೀವು ಕದ್ದು ತರ್ತಿರಲಿಲ್ಲ. ತಪ್ಪು ನಮ್ಮದೂ ಉಂಟು."

ದೇವರಾಣೆ, ಫೋರ್ಟಿನಿಂದ ಬಂದ ಯಾವ ಸಾಹೇಬನ ಬಾಯಿಂದಲೂ ನಾನು ಆ ಮಾತು ಕೇಳಿರಲಿಲ್ಲ. ಬೈಯಬೇಕೆಂದಿದ್ದದ್ದು ಅರ್ಧ ಅಲ್ಲೇ ಮರೆತುಹೋಯಿತು. ಉಳಿದರ್ಧ ಅವರ ಷರತ್ತು ಕೇಳಿ ಮತ್ತೆ ನೆನಪಾಯಿತು. ಟೈಪ್‌ರೈಟರ್ ಎಂಬ ಸುಳ್ಳು ಹೆಸರು ಹೋಗಬೇಕು. ದಿನದ ಲೆಕ್ಕದ ಒಂದು ಪ್ರತಿ ಇಡಿಪಿಗೆ ಬರಬೇಕು. ಮತ್ತು ನಾನು ಇನ್ನೊಬ್ಬರಿಗೆ ಕೆಲಸ ಕಲಿಸಬೇಕು. ಆಮೇಲೆ ಒಂದು ಇಡೀ ದಿನ ನಾನು ಬಾಯಿ ತೆರೆಯದೆ, ಕೈ ಹಚ್ಚದೆ ಡಿಸ್ಪ್ಯಾಚ್ ನಡೆಯಬೇಕು. ನಡೆದರೆ ಯಂತ್ರ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಅವರು ಒಯ್ಯುತ್ತಾರೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಂತ್ರ ಹೋದರೆ ನಾನು ಟೈಪಿಂಗ್ ಪೂಲ್‌ಗೆ. ಯಂತ್ರ ಉಳಿದರೆ ಅದಕ್ಕೆ ನಾನು ಬೇಡ, ಆಗಲೂ ಟೈಪಿಂಗ್ ಪೂಲ್‌ಗೇ. ಎಂಥ ಚಂದದ ನ್ಯಾಯ! ಅರ್ಧ ಕಲಿಸಿ ಅರ್ಧ ನುಂಗಿಬಿಡೋಣ ಎಂದುಕೊಂಡೇ ಸಂಜೆ ಮನೆಗೆಂದು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದೆ.

ಮರುದಿನ ಕಲಿಯಲು ಬಂದವಳು ಟೈಪಿಂಗ್ ಪೂಲ್‌ನ ಸುಗುಣಾ. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕುರ್ಚಿಯ ತುದಿಯಲ್ಲಿ ಕುಳಿತು, ಕೀಲಿಮಣೆಯ ಮೇಲೆ ಒಂದು ಬೆರಳಿಟ್ಟು, "ದೀದಿ, ಸಚ್ ಮೇ ಮೈ ಕರೂಂ?" ಎಂದಳು, ನಿಜಕ್ಕೂ ನಾನೇ ಮಾಡಲಾ ಎಂದು. ಆ ಕೋಣೆಯಿಂದ ಎದ್ದು ಬಂದವಳ ಮುಖ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ಮೋಸ ಮಾಡಲು ಮನಸ್ಸು ಬರಲಿಲ್ಲ. ಬೈದು, ತಲೆಗೆ ಮೊಟಕಿ, ನನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದೆ.

ಪರೀಕ್ಷೆಯ ದಿನ ಮೇಡಂ ನನ್ನನ್ನು ಗಾಜಿನ ಕಿಟಕಿಯಾಚೆಗಿನ ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕುಳಿತರು. ಬೆಳಿಗ್ಗೆಯೆಲ್ಲ ಸುಸೂತ್ರವಾಗಿ ನಡೆಯಿತು. ಮಧ್ಯಾಹ್ನ ಘೋಡಬಂದರ್ ರಸ್ತೆ ಹಿಡಿದು ಗುಜರಾತಿಗೆ ಹೋಗಬೇಕಾದ ದೊಡ್ಡ ಲಾರಿ ಕೆಟ್ಟು ಕುಳಿತಿತು. ಅದರ ಬದಲು ಎರಡು ಸಣ್ಣ ಲಾರಿ ಬಂದವು. ತುಂಬುವ ಕ್ರಮವೇ ತಲೆಕೆಳಗಾಯಿತು. ಸುಗುಣಾಳ ಕೈ ನಿಂತಿತು. ಗಾಜಿನೊಳಗಿಂದ ನನ್ನನ್ನೇ ನೋಡಿದಳು.

ಶಿವರಾಯ ಓಡಿಬಂದ. "ಬಾಯಿ, ಒಂದ್ ಮಾತ ಹೇಳಿಬಿಡ್ರಿ. ಪೋರಿ ಅಳಲಕತ್ತಾಳ."

ನನಗೂ ನಾಲಿಗೆ ತುರಿಸುತ್ತಿತ್ತು. ಎಲ್ಲ ಅಳಿಸಿ ಮೊದಲಿನಿಂದ ಹೊಡಿ ಎಂದು ಕೈಸನ್ನೆ ಮಾಡಿದ್ದರೂ ಸಾಕಿತ್ತು. ಮೇಡಂ ನನ್ನ ಕಡೆ ನೋಡಲೂ ಇಲ್ಲ. ನಾನು "ಹೋಗೋ, ನಿನ್ನ ಕೆಲಸ ನೋಡು" ಎಂದು ಅವನ ಮೇಲೆ ರೇಗಿದೆ. ಸೆರಗು ಬಾಯಿಗೆ ತುರುಕಿಕೊಂಡು, ಸುಗುಣಾಳಿಗೆ ಬೆನ್ನು ಹಾಕಿ ಕುಳಿತೆ.

ಸ್ವಲ್ಪ ಹೊತ್ತಿನಲ್ಲಿ ಪ್ರಿಂಟರ್ ಕರಕರ ಎಂದಿತು. ತಿರುಗಿ ನೋಡಿದರೆ ಆ ಹುಡುಗಿ ಏನನ್ನೂ ಅಳಿಸಿರಲಿಲ್ಲ. ಇದ್ದ ಪಟ್ಟಿಯನ್ನೇ ಎರಡು ಹೋಳು ಮಾಡಿ, ಒಂದೊಂದು ಲಾರಿಗೆ ಒಂದೊಂದು ಹಂಚಿಬಿಟ್ಟಿದ್ದಳು. ನನಗೆ ಹೊಳೆಯದ ದಾರಿ! ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಹೆಮ್ಮೆ ಉಕ್ಕಿ ಬಂತು. ಅವಳನ್ನು ಎತ್ತಿ ಕುಣಿಸಬೇಕೆನಿಸಿತು. ಲಾರಿಗಳು ಗೇಟು ದಾಟಿದವು.

"ಆಯ್ತಲ್ಲ ಮೇಡಂ" ಎಂದೆ. "ಯಂತ್ರ ಉಳಿಯಿತು. ಟೈಪಿಂಗ್ ಪೂಲ್‌ಗೆ ನಾಳೆಯೇ ಹೋಗಬೇಕಾ ನಾನು?"

"ಎಂಥ ಪೂಲ್ ಮಾರಾಯ್ತಿ!" ಅವರಿಗೆ ನಗು. "ಕಲ್ಯಾಣದ ಯೂನಿಟ್‌ನಲ್ಲಿ ಕ್ಯಾಲ್ಕುಲೇಟರ್ ಅಂತ ಹೆಸರಿಟ್ಟು ಒಂದು ಅಡಗಿಸಿದ್ದಾರೆ. ಬೇಲಾಪುರ ರಸ್ತೆಯ ಲ್ಯಾಬಿನಲ್ಲಿ ಇನ್ನೊಂದು. ನನ್ನನ್ನು ಕಂಡರೆ ಬೀಗ ಹಾಕ್ತಾರೆ. ನಿಮಗೆ ತೋರಿಸ್ತಾರೆ, ನೀವೂ ಕದ್ದವರೇ ಅಲ್ವಾ? ನನ್ನ ಇಲಾಖೆಗೆ ಬನ್ನಿ. ಒಯ್ಯುವುದು ಬೇಡ, ಸರಿ ಮಾಡಿ ಅಲ್ಲೇ ಬಿಟ್ಟು ಬರುವ."

"ಇದನ್ನು ಮೊದಲೇ ಹೇಳ್ಲಿಕ್ಕೆ ನಿಮಗೆ ಏನಾಗಿತ್ತು?" ದೊಡ್ಡ ಅಧಿಕಾರಿ ಎಂಬುದನ್ನೂ ಮರೆತು ಕೂಗಿಬಿಟ್ಟೆ.

"ಹೇಳಿ ಏನು ಪ್ರಯೋಜನ? ನೀವಿಲ್ಲದೆ ಡಿಸ್ಪ್ಯಾಚ್ ನಡೆಯದಿದ್ದರೆ ವಿಷ್ಣುಮೂರ್ತಿ ನಿಮ್ಮನ್ನು ಬಿಟ್ಟುಕೊಡ್ತಿದ್ದರಾ? ರಿಟೈರ್ ಆಗುವವರೆಗೆ ಆ ಕುರ್ಚಿಯಲ್ಲೇ ಕೂರ್ತಿದ್ದಿರಿ."

ನಾನು ಸಿಂಹಾಸನ ಎಂದುಕೊಂಡದ್ದು ಅದೇ ಕುರ್ಚಿಯನ್ನು. ಶಿವರಾಯನೂ ಡ್ರೈವರುಗಳೂ ನೋಡುತ್ತಿದ್ದಂತೆಯೇ ಗೊಳೋ ಎಂದು ಅತ್ತುಬಿಟ್ಟೆ. ಮೇಡಂ ತಮ್ಮ ಕರವಸ್ತ್ರ ಕೊಟ್ಟರು.

ಮುಖ ತೊಳೆದು, ನನ್ನ ಬ್ಯಾಗು ತೆಗೆದುಕೊಳ್ಳಲು ಒಳಗೆ ಹೋದೆ. ಬ್ಯಾಗು ಸುಗುಣಾಳ ಕಾಲ ಬಳಿ ಇತ್ತು, ಅವಳ ಸುತ್ತ ಡ್ರೈವರುಗಳು ಗದ್ದಲ ಎಬ್ಬಿಸುತ್ತಿದ್ದರು. ನಾನು ಕರೆದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಏಕ್ ಮಿನಿಟ್, ದೀದಿ" ಎಂದಳು. ನಾನು ಅಲ್ಲೇ ನಿಂತೆ. ಅಷ್ಟು ಖುಷಿಯಿಂದ ಯಾರಿಗಾಗಿಯೂ ನಾನು ಕಾದು ನಿಂತದ್ದಿಲ್ಲ.