ಪಾಟ್ನಾದಿಂದ ನಡೆದು ಬಂದವನು

ಜಂಪಣ್ಣನ ಮನೆಯ ತಗಡಿನ ಸೂರು ಹೋದ ವರ್ಷದ ಗಾಳಿಗೆ ಅರ್ಧ ಹಾರಿಹೋಗಿತ್ತು. ಉಳಿದ ಅರ್ಧದ ಕೆಳಗೆ ಒಲೆ, ರಾಗಿ ಚೀಲ, ಹೆಂಡತಿ ಯರ್ರಮ್ಮ. ಹಾರಿಹೋದ ಅರ್ಧದ ಕೆಳಗೆ ಜಂಪಣ್ಣ. ಮಳೆ ಬಂದರೆ ಇಬ್ಬರೂ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿರಬೇಕು. ಬೇಕಾಗಿದ್ದುದು ಎಂಟು ತಗಡು. ಆ ಎಂಟು ತಗಡಿಗಾಗಿ ನಮ್ಮ ದೊಡ್ಡಉಳ್ಳಾರ್ತಿಯ ಜಂಪಣ್ಣ ಬಿಹಾರಿಯಾದ ಕಥೆ ಇದು.

ನಗಬೇಡಿ. ನಕ್ಕರೂ ಪರವಾಗಿಲ್ಲ, ನಾವೂ ನಕ್ಕಿದ್ದೇವೆ.

ಊರ ಮುಂದಿನ ಹುಲ್ಲುಗಾವಲಿನಲ್ಲಿ ಅವನ ಅಪ್ಪ, ಅಜ್ಜ ಕುರಿ ಮೇಯಿಸಿದವರು. ಒಂದು ದಿನ ಬೇಲಿ ಬಂತು. ಹುಲ್ಲು ಬೇಲಿಯ ಆಚೆ ಉಳಿಯಿತು, ಕುರಿ ಈಚೆ ಉಳಿದವು. ಜಂಪಣ್ಣ ಕುರಿಗಳನ್ನು ಸಂತೆಯಲ್ಲಿ ಬಂದಷ್ಟಕ್ಕೆ ಮಾರಿದ. ಬೇಲಿಯೊಳಗೆ ಯಾವುದೋ ಕಂಪನಿಯ ಇಂಜಿನಿಯರುಗಳಿಗಾಗಿ ಕ್ವಾರ್ಟರ್ಸ್ ಏಳತೊಡಗಿತು. ಹಣ ಸಿಂಗಾಪುರದ್ದಂತೆ, ಕಂಪನಿ ದೆಹಲಿಯದಂತೆ, ಕಂಟ್ರಾಕ್ಟರು ಹೈದರಾಬಾದಿನವನಂತೆ. ಒಂದೊಂದು ಮನೆಗೆ ಮೂರು ಕಕ್ಕಸು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಮೂರು ಯಾಕೆ ಎಂಬುದು ನಮ್ಮೂರಿನಲ್ಲಿ ಇವತ್ತಿಗೂ ಬಗೆಹರಿದಿಲ್ಲ.

ಜಂಪಣ್ಣ ಗೇಟಿಗೆ ಹೋಗಿ ಕೆಲಸ ಕೇಳಿದ.

"ಯಾವೂರು?" ಎಂದ ಗೇಟಿನ ಕಾವಲುಗಾರ.

"ಇದೇ ಊರು ಸಾರ್. ಅಗಾ, ಆ ಬೇವಿನ ಮರ ಕಾಣ್ತೈತಲ್ಲ, ಅದ್ರ ಹಿಂದ್ಲ ಮನೆ."

"ಹಂಗಾರೆ ಕೆಲ್ಸ ಇಲ್ಲ. ಲೋಕಲ್ ಜನ ಬ್ಯಾಡ."

"ಯಾಕ್ ಸಾರ್?"

"ನೆಂಟ್ರು ಸತ್ರೆ ಮಣ್ಣಿಗೆ ಹೋಗ್ತೀರ, ಮಗು ಹುಟ್ಟಿದ್ರೆ ತೊಟ್ಲಿಗೆ ಹೋಗ್ತೀರ, ಕಾಲು ಉಳುಕಿದ್ರೆ ಊರನ್ನೇ ಕರ್ಕಂಡು ಬರ್ತೀರ. ಬಿಹಾರದೋರಿಗೆ ಅದೆಲ್ಲ ಇಲ್ಲ."

"ಬಿಹಾರದಾಗೆ ಯಾರೂ ಸಾಯಲ್ವಾ?"

"ಸಾಯ್ತಾರೆ. ದೂರ ಸಾಯ್ತಾರೆ."

ಚಳ್ಳಕೆರೆಯ ಬಸ್ ನಿಲ್ದಾಣದ ಎದುರು, ಜೆರಾಕ್ಸ್ ಅಂಗಡಿಯ ಮೇಲೆ ನಾಗಭೂಷಣ ಎಂಬವನ ಆಫೀಸಿತ್ತು. ಆ ಕೆಲಸಕ್ಕೆ ಆಳು ಒದಗಿಸುತ್ತಿದ್ದ ಏಜೆಂಟು ಅವನೇ. ಜಂಪಣ್ಣ ಹೇಳಿಕೊಂಡದ್ದನ್ನೆಲ್ಲ ಕೇಳಿ ನಾಗಭೂಷಣ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ.

"ಅಷ್ಟೇನಾ? ನೀನೂ ಬಿಹಾರದೋನಾಗು."

"ಹೆಂಗ್ ಸಾಮಿ ಆಗದು?"

"ಮೂರು ಸಾವ್ರ ಕೊಟ್ರೆ ಆಗ್ತೀಯ."

ಮೂರು ಸಾವಿರಕ್ಕೆ ಒಂದು ಕಾರ್ಡು ಬಂತು. ಅದರಲ್ಲಿ ಜಂಪಣ್ಣನ ಮೋರೆ, ಕೆಳಗೆ ಪಿಂಟು ಕುಮಾರ್ ಎಂಬ ಹೆಸರು, ಪಾಟ್ನಾ ವಿಳಾಸ. ಹೊರರಾಜ್ಯದಿಂದ ಬಂದ ಒಬ್ಬೊಬ್ಬ ಆಳಿಗೂ ಕಂಪನಿ ರೈಲಿನ ಖರ್ಚು, ಊರು ಬಿಟ್ಟು ಬಂದ ಭತ್ಯೆ, ವಸತಿಯ ಹಣ ಎಂದೆಲ್ಲ ಕೊಡುತ್ತಿತ್ತು. ಅದು ನೇರವಾಗಿ ನಾಗಭೂಷಣನ ಜೇಬಿಗೆ ಬೀಳುತ್ತಿತ್ತು. ಇದು ಜಂಪಣ್ಣನಿಗೆ ಗೊತ್ತಾದದ್ದು ಬಹಳ ತಡವಾಗಿ. ಅವನಿಗೆ ಆಗ ಗೊತ್ತಿದ್ದುದು ಇಷ್ಟೇ. ಕೂಲಿ ದಿನಕ್ಕೆ ನಾನೂರೈವತ್ತು, ಮೂರು ತಿಂಗಳಾದ ಮೇಲೆ ಒಟ್ಟಿಗೆ ಕೈಗೆ, ಅದರಲ್ಲಿ ರೈಲಿನ ಖರ್ಚು ಕಟಾವು.

"ರೈಲು ಯಾವುದು ಸಾಮಿ? ನಾನು ನಡ್ಕಂಡು ಬರ್ತೀನಿ. ಅರ್ಧ ಮೈಲಿ."

"ಪಾಟ್ನಾದಿಂದ ಯಾರಾದ್ರೂ ನಡ್ಕಂಡು ಬರ್ತಾರೇನ್ಲೇ? ಆಡಿಟ್‌ನೋರು ನಂಬ್ತಾರಾ?" ಎಂದು ನಾಗಭೂಷಣ ಗದರಿದ. ಆಮೇಲೆ ದನಿ ತಗ್ಗಿಸಿದ. "ನೋಡು, ಅಲ್ಲಿರೋ ನಲವತ್ತು ಜನಾನೂ ಅಸಲಿ ಬಿಹಾರದೋರು. ನೀನೊಬ್ನೇ ಲೋಕಲ್. ಗೊತ್ತಾತೋ, ತಮ್ಮ ಅನ್ನ ಕಿತ್ಕಳಾಕೆ ಬಂದೋನು ಅಂತ ಹೂತಾಕ್ತಾರೆ. ಬಾಯಿ ಬಿಡ್ಬ್ಯಾಡ. ಮುದ್ದೆ ಮುಟ್ಬ್ಯಾಡ. ಮನೆ ಕಡೆ ತಲೆ ಹಾಕ್ಬ್ಯಾಡ."

ಹಿಂದಿ ಕಲಿಸಿದವನು ಚಳ್ಳಕೆರೆಯ ಮೋಟಾರ್ ರಿಪೇರಿಯ ಶರೀಫ್ ಸಾಬ್. ಅವನ ಮನೆಮಾತು ನಮ್ಮ ಕಡೆಯ ಉರ್ದು. ಅವನು ಪಾಪ ತನಗೆ ಬಂದದ್ದನ್ನು ಕಲಿಸಿದ. ಬೇಡ ಎನ್ನುವುದಕ್ಕೆ ನಕ್ಕೋ. ಯಾಕೆ ಎನ್ನುವುದಕ್ಕೆ ಕಾಯ್ಕು. ಹೌದು ಎನ್ನುವುದಕ್ಕೆ ಹೌ.

"ಬಿಹಾರದಾಗೆ ಹಿಂಗೇ ಮಾತಾಡ್ತಾರಾ ಸಾಬ್?"

"ನಾನೇನು ಬಿಹಾರ ನೋಡೀನಾ ಜಂಪಣ್ಣ? ಮುಖ ಗಂಟು ಹಾಕ್ಕಂಡು ಮಾತಾಡು. ಸಾಕು."

ಹೀಗೆ ಜಂಪಣ್ಣ ವಲಸೆ ಹೋದ. ಕೈಚೀಲ ಹಿಡಿದು, ಬೇವಿನ ಮರ ದಾಟಿ, ತಾನೇ ಕುರಿ ಮೇಯಿಸಿದ ಜಾಗಕ್ಕೆ ಪರದೇಶಿಯಾಗಿ ಹೋದ. ಗೇಟಿನ ಕಾವಲುಗಾರ ಕಾರ್ಡು ನೋಡಿದ, ಮೋರೆ ನೋಡಲಿಲ್ಲ. ಅವನಿಗೆ ಸಿಕ್ಕಿದ ತಗಡಿನ ಶೆಡ್ಡು ಅವನಜ್ಜ ಕುರಿ ರೊಪ್ಪ ಹಾಕುತ್ತಿದ್ದ ದಿಣ್ಣೆಯ ಮೇಲೇ ಇತ್ತು. ಅಲ್ಲಿಂದ ಅವನ ಮನೆಯ ಹೊಗೆ ಕಾಣುತ್ತಿತ್ತು. ಹೊಗೆ ನೋಡಿಯೇ ಯರ್ರಮ್ಮ ಈಗ ಮುದ್ದೆಗೆ ಎಸರಿಟ್ಟಳು ಎಂದು ಲೆಕ್ಕ ಹಾಕುತ್ತ, ಅವನು ಆಲೂಗಡ್ಡೆ ಪಲ್ಯ ನುಂಗುತ್ತಿದ್ದ.

ಶೆಡ್ಡಿನಲ್ಲಿ ಮಾತೆಂಬುದೇ ಇಲ್ಲ. ನಲವತ್ತು ಜನರೂ ಮುಖ ಗಂಟು ಹಾಕಿಕೊಂಡು, ತಂಬಾಕು ತಿಕ್ಕಿಕೊಂಡು ಕೂತಿರುತ್ತಿದ್ದರು. ಯಾರಾದರೂ ಅನ್ನ ಬಡಿಸಲು ಬಂದರೆ "ನಕ್ಕೋ". ಸಾರು ಬೇಕೇ ಎಂದರೆ "ಹೌ". ಬಿಹಾರದ ಭಾಷೆ ಇಷ್ಟು ಸುಲಭವೇ ಎಂದು ಜಂಪಣ್ಣನಿಗೆ ಆಶ್ಚರ್ಯ. ಮಾಂಝಿ ಎಂಬೊಬ್ಬ ಮಾತ್ರ ಗಳಗಳ ಮಾತಾಡುತ್ತಿದ್ದ. ಅವನದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇವನೊಬ್ಬ ಕಳ್ಳ ಬಿಹಾರಿಯಿರಬೇಕು, ಹಿಂದಿ ಸರಿಯಾಗಿ ಕಲಿತಿಲ್ಲ ಎಂದು ಜಂಪಣ್ಣ ಒಳಗೊಳಗೇ ಮರುಗಿದ.

ಯರ್ರಮ್ಮ ಬೆಳಿಗ್ಗೆಯಿಂದಲೇ ಗೇಟಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಲು ಕೂರುತ್ತಿದ್ದಳು. ಗಂಡನನ್ನು ನೋಡಲು ಬೇರೆ ದಾರಿ ಇರಲಿಲ್ಲ. ಜಂಪಣ್ಣ ಹೋಗಿ ಗಿರಾಕಿಯಂತೆ ನಿಲ್ಲುತ್ತಿದ್ದ.

"ಕಿತ್ನಾ?"

"ಇಪ್ಪತ್ತು ರೂಪಾಯಿ ಭಯ್ಯಾ."

"ಗಂಡನ್ನ ಅಣ್ಣ ಅಂತೀಯಲ್ಲೇ, ನಿನ್ನ ಬಾಯಿಗೆ ಹುಳ ಬೀಳ" ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಕಾವಲುಗಾರ ನೋಡ್ತಾವ್ನೆ. ಮುಚ್ಕಂಡು ತಿನ್ನು. ಇಪ್ಪತ್ತು ರೂಪಾಯಿ ಇಡು ಮೊದ್ಲು" ಎಂದು ಅವಳೂ ಪಿಸುಗುಟ್ಟಿದಳು. ಅವಳ ಕಣ್ಣು ಮಾತ್ರ ತುಂಬಿತ್ತು. ಅಷ್ಟು ಹತ್ತಿರ ನಿಂತ ಗಂಡನ ಬೆವರು ಒರೆಸಲೂ ಅವಳಿಗೆ ಅಪ್ಪಣೆ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಂಥ ಕಡೆ.

ಎರಡನೆಯ ತಿಂಗಳಲ್ಲಿ ಇನ್ನೊಂದು ನಡೆಯಿತು. ಹೊರಗಿನವರು ನಮ್ಮ ಅನ್ನ ಕಸಿಯುತ್ತಿದ್ದಾರೆಂದು ನಮ್ಮೂರ ಹುಡುಗರೆಲ್ಲ ಗೇಟಿಗೆ ಮೆರವಣಿಗೆ ಬಂದರು. ಮುಂದಾಳು ಯರ್ರಮ್ಮನ ತಮ್ಮ ಕಿರಣ್‌ಕುಮಾರ್. "ಬಿಹಾರಿಗಳೇ, ಜಾಗ ಖಾಲಿ ಮಾಡಿ!" ಎಂದು ಕೂಗಿ ಅವನು ಬೀಸಿದ ಕಲ್ಲು ನೇರ ಭಾವನ ಹಣೆಗೆ ಬಿತ್ತು. ಜಂಪಣ್ಣ ಭಾಮೈದನನ್ನು ಕನ್ನಡದಲ್ಲಿ ಬೈಯುವಂತೆಯೂ ಇರಲಿಲ್ಲ. "ಕಾಯ್ಕು? ಕಾಯ್ಕು?" ಎಂದು ಕೂಗಿ ಕೂತುಬಿಟ್ಟ. ಕಿರಣ್‌ಕುಮಾರ್ ಗುರುತು ಹಿಡಿದು ಹೌಹಾರಿದ. ಆದರೆ ಹಿಂದೆ ಜನ ಇದ್ದರು, ಫೋನುಗಳು ಎದ್ದಿದ್ದವು. ಮುಖ ಆಚೆ ತಿರುಗಿಸಿಕೊಂಡು ಇನ್ನೊಂದು ಸಲ ಘೋಷಣೆ ಕೂಗಿ ಊರ ಕಡೆ ನಡೆದ.

ಮೂರು ತಿಂಗಳು ತುಂಬಲು ಎಂಟು ದಿನ ಉಳಿದಿತ್ತು. ಆ ದಿನ ಎರಡನೆಯ ಮಹಡಿಯ ತಾರಸಿಗೆ ಮೋಲ್ಡ್ ಹಾಕುವುದಿತ್ತು. ಬೆಳಿಗ್ಗೆಯಿಂದ ಕಾಂಕ್ರೀಟ್ ಲಾರಿಗಳು ಹೊಟ್ಟೆ ತಿರುಗಿಸಿಕೊಂಡು ಸಾಲುಗಟ್ಟಿ ನಿಂತಿದ್ದವು. ಹತ್ತೂವರೆಯ ಹೊತ್ತಿಗೆ ನಿಲ್ಲಲು ಕಟ್ಟಿದ್ದ ಸಾರುವೆ ಮುರಿದು, ಸೋನು ಎಂಬ ಬಿಹಾರಿ ಮೇಲಿನಿಂದ ಬಿದ್ದ. ಬಿದ್ದವನು ಕೂಗಿದ.

"ಅಮ್ಮೋ! ನಾ ಕಾಲು ಪೋಯಿಂದಿರೋ!"

ಪಾಟ್ನಾದ ಸೋನು ಕಾಲು ಹೋಯಿತೆಂದು ನಮ್ಮ ಗಡಿ ಕಡೆಯ ಅಚ್ಚ ತೆಲುಗಿನಲ್ಲಿ ಕೂಗಿದ್ದು ಕೇಳಿ ಎಲ್ಲರ ಕೈ ನಿಂತಿತು. ಮೇಲಿನಿಂದ ಒಬ್ಬ ತಡೆಯಲಾರದೆ ಕನ್ನಡದಲ್ಲಿ ಕೇಳಿದ. "ಯಾವೂರಣ್ಣ ನಿಂದು?"

"ದೇವಸಮುದ್ರ. ನನ್ನೆಸ್ರು ಜೋಗಪ್ಪ. ಅಯ್ಯೋ, ಎತ್ರಪ್ಪೋ!"

"ನಂದು ರಾಂಪುರ ಕಣಪ್ಪ!"

"ನಾನು ನಾಯಕನಹಟ್ಟಿ ಕಡೆಯೋನು!"

"ನೀವೂನಾ? ನಾನೊಬ್ನೇ ಅಂದಿದ್ದ ಆ ನಾಗಭೂಷಣ!"

"ನಂಗೂ ಹಂಗೇ ಅಂದಿದ್ದ. ನಿಮ್ಗೆ ಗೊತ್ತಾದ್ರೆ ಹೂತಾಕ್ತೀರಿ ಅಂತ!"

ಮೂರು ತಿಂಗಳು ಒಬ್ಬರಿಗೊಬ್ಬರು ಹೆದರಿಕೊಂಡು, ಮುದ್ದೆಗೆ ಬಾಯಿ ಬಿಟ್ಟುಕೊಂಡು, ಒಂದೇ ಶೆಡ್ಡಿನಲ್ಲಿ ಮಲಗಿದ್ದ ನೆಂಟರಿಷ್ಟರು ಅವರು. ಒಬ್ಬನಿಗೆ ಇನ್ನೊಬ್ಬ ದೂರದ ಸೋದರಮಾವನೇ ಆಗಬೇಕಿತ್ತು.

ಮಾಂಝಿ ಬೆಪ್ಪಾಗಿ ನಿಂತಿದ್ದ. ಇಡೀ ಶೆಡ್ಡಿನಲ್ಲಿ ಬಿಹಾರದಿಂದ ಬಂದವನು ಅವನೊಬ್ಬನೇ. ಇವರು ಇಷ್ಟು ದಿನ ಆಡಿದ್ದು ಕನ್ನಡವೆಂದು ತಿಳಿದು, ಕಷ್ಟಪಟ್ಟು ನಕ್ಕೋ, ಹೌ, ಕಾಯ್ಕು ಎಲ್ಲ ಬಾಯಿಪಾಠ ಮಾಡಿದ್ದ.

ಕಂಪನಿಯ ಆಫೀಸರು ಓಡಿ ಬಂದರು, ಹಿಂದೆ ನಾಗಭೂಷಣ. ಆಫೀಸರು ದೆಹಲಿಯವರು, ಹಿಂದಿ ಬಿಟ್ಟರೆ ಬೇರೆ ಬಾರದು. ಜೋಗಪ್ಪನ ಕಾಲು ನೋಡಿದರು, ಕಾರ್ಡು ನೋಡಿದರು. ಇಲ್ಲಿಯ ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ವರದಿ, ತಲೆನೋವು. ನಿಯಮದ ಪ್ರಕಾರ ಗಾಯಾಳುವನ್ನು ಸ್ವಂತ ಊರಿಗೆ ತಲುಪಿಸುವುದು ಕಂಪನಿಯ ಜವಾಬ್ದಾರಿ, ಬೆಂಗಳೂರಿಗೆ ಒಯ್ದು ಪಾಟ್ನಾ ರೈಲು ಹತ್ತಿಸಿ ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು.

ಪಾಟ್ನಾ ಎಂಬ ಮಾತು ಕಿವಿಗೆ ಬಿದ್ದದ್ದೇ ಜೋಗಪ್ಪ ಕೈ ಮುಗಿದ. "ಪಾಟ್ನಾ ಬ್ಯಾಡ ಸಾಮಿ! ಅಲ್ಲಿ ನಂಗ್ಯಾರವ್ರೆ? ದೇವಸಮುದ್ರದ ಬಸ್ ಹತ್ಸಿ, ನಮ್ಮವ್ವ ಐತೆ!"

"ಏನಂತಾನೆ?" ಎಂದು ಆಫೀಸರು ಕೇಳಿದರು.

"ಬೇಗ ಪಾಟ್ನಾಕ್ಕೆ ಕಳಿಸಿ, ತಾಯಿ ಕಾಯ್ತಿದಾಳೆ ಅಂತಾನೆ ಸಾರ್" ಎಂದು ನಾಗಭೂಷಣ ಹಿಂದಿ ಮಾಡಿ ಹೇಳಿದ. ಆಫೀಸರು ಮರುಗಿ ಜೋಗಪ್ಪನ ತಲೆ ಸವರಿದರು. ಮುರಿದ ಕಾಲಿಗೆ ಒಂದು ಗೋಣಿಚೀಲ ಸುತ್ತಿ ಅವನನ್ನು ವ್ಯಾನಿಗೆ ಎತ್ತತೊಡಗಿದರು.

ಜಂಪಣ್ಣನ ಕಣ್ಣ ಮುಂದೆ ಎಂಟು ತಗಡು ಬಂದವು. ಇನ್ನೆಂಟೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ತಗಡು ಸಿಗುತ್ತಿತ್ತು, ಜೋಗಪ್ಪ ಪಾಟ್ನಾ ತಲುಪುತ್ತಿದ್ದ. ಜಂಪಣ್ಣ ಕಾಂಕ್ರೀಟಿನ ಬಾಣಲಿ ಕೆಳಗಿಟ್ಟು ವ್ಯಾನಿನ ಬಾಗಿಲಿಗೆ ಅಡ್ಡ ನಿಂತ.

"ಸಾರ್, ಇವ್ನ ಊರು ದೇವಸಮುದ್ರ. ನಂದು ಇದೇ ಊರು. ನಾನು ಜಂಪಣ್ಣ. ಅಗಾ, ಬಜ್ಜಿ ಮಾರ್ತಾವ್ಳಲ್ಲ, ಅವ್ಳು ನನ್ ಹೆಂಡ್ತಿ."

"ಹೌದು, ನನ್ ಗಂಡ!" ಎಂದು ಗೇಟಿನಿಂದ ಯರ್ರಮ್ಮ ಕೂಗಿದಳು. ಮೂರು ತಿಂಗಳ ಭಯ್ಯಾ ಒಂದೇ ಕೂಗಿಗೆ ತೊಳೆದುಹೋಯಿತು.

ಆಫೀಸರು ಆಶ್ಚರ್ಯದಿಂದ, "ಎಷ್ಟು ಚೆನ್ನಾಗಿ ಇಲ್ಲಿಯ ಭಾಷೆ ಕಲಿತಿದ್ದಾನೆ!" ಎಂದರು.

ಕೊನೆಗೆ ಎಲ್ಲರೂ ತಮ್ಮ ಗಂಟಿನ ತಳದಿಂದ ಅಸಲಿ ಆಧಾರ್ ತೆಗೆದು ಹಿಡಿದ ಮೇಲೆ ಅವರಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ಸ್ಥಳೀಯರೆಲ್ಲ ಹೊರಗೆ ಎಂದರು. ಅವರೆಲ್ಲ ಜೋಗಪ್ಪನನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಹೊರಗೆ ನಡೆದರು. ಒಬ್ಬನ ಫೋನಿಗೆ ಚಳ್ಳಕೆರೆಯಿಂದ ಆಂಬುಲೆನ್ಸು ಬಂತು, ಜೋಗಪ್ಪ ಆಸ್ಪತ್ರೆಗೆ ಹೋದ. ಉಳಿದವರು ಗೇಟಿನ ಎದುರು ಕೂತರು. ರೈಲೇ ಹತ್ತದ ಇಷ್ಟೂ ಜನರ ರೈಲಿನ ಖರ್ಚು, ಭತ್ಯೆ ಯಾರ ಜೇಬಿಗೆ ಹೋಯಿತೆಂಬುದು ಲೆಕ್ಕ ಕೂಡಿಸಿದಾಗ ಹೊಳೆಯಿತು. ಒಳಗೆ ಲಾರಿಗಳ ಹೊಟ್ಟೆ ತಿರುಗುತ್ತಲೇ ಇತ್ತು. ಎರಡು ಗಂಟೆಯೊಳಗೆ ಸುರಿಯದಿದ್ದರೆ ಅಷ್ಟೂ ಕಾಂಕ್ರೀಟು ಕಲ್ಲಾಗುತ್ತದೆ.

"ಹೆದರ್ಬ್ಯಾಡಿ ಸಾರ್," ಎಂದು ನಾಗಭೂಷಣ ಆಫೀಸರಿಗೆ ಹಿಂದಿಯಲ್ಲಿ ಹೇಳಿದ. "ಅರ್ಧ ಗಂಟೆಯಾಗೆ ಒರಿಸ್ಸಾದಿಂದ ನಲವತ್ತು ಜನ ತರಿಸ್ತೀನಿ."

ಹಾಗೆಂದು ಗೇಟು ದಾಟಿ ಬಂದವನೇ, ಕೂತಿದ್ದವರ ಮುಂದೆ ಕುಕ್ಕರಿಸಿ ಪಿಸುಗುಟ್ಟಿದ. "ಏಳ್ರಪ್ಪಾ. ಇವತ್ತಿಂದ ನೀವೆಲ್ಲ ಒರಿಸ್ಸಾದೋರು. ಹಳೇ ಕೂಲಿ ಬೇಕಾದ್ರೆ ಬಾಯಿ ಮುಚ್ಕಂಡು ಒಳಗೆ ಬರ್ರಿ."

ಮೊದಲು ಯರ್ರಮ್ಮ ನಕ್ಕಳು. ಅವಳು ನಕ್ಕಿದ್ದೇ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಜಂಪಣ್ಣ ಹೇಳಿದ.

"ಲೇ ನಾಗಭೂಷಣ, ಮೂರು ತಿಂಗಳ ಕೂಲಿ ಇಲ್ಲೇ ಎಣಿಸು. ನಮ್ಮ ಹೆಸ್ರಿನ ಮೇಲೆ ನುಂಗಿದ್ದನ್ನೂ ಕಕ್ಕು. ಜೋಗಪ್ಪನ ಕಾಲಿಗೆ ಕಂಪನಿ ಕೊಡ್ಲಿ. ಯಾವೂರಿನೋನಾದ್ರೂ ಕೆಲ್ಸ ಐತೆ, ಕೂಲಿ ಒಂದೇ ಅಂತ ಬರ್ಕೊಡ್ರಿ. ಆಮೇಲೆ ಮೋಲ್ಡ್ ಹಾಕ್ತೀವಿ."

ನಾಗಭೂಷಣ ಒಳಗೆ ಓಡಿದ. ಅಲ್ಲಿ ಮಾಂಝಿ ಒಬ್ಬನೇ ನಿಂತಿದ್ದ. ಆಫೀಸರು ಅವನ ಹೆಗಲ ಮೇಲೆ ಕೈ ಹಾಕಿ, ನೀನೊಬ್ಬನೇ ಅಸಲಿ, ನಿನಗೆ ದುಪ್ಪಟ್ಟು ಕೂಲಿ, ನಿನ್ನ ಕಡೆಯವರನ್ನು ಕರೆಸು ಎಂದು ಹಿಂದಿಯಲ್ಲಿ ಪುಸಲಾಯಿಸುತ್ತಿದ್ದರು. ಮಾಂಝಿ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಶೆಡ್ಡಿಗೆ ಹೋಗಿ ತನ್ನ ಗಂಟು ತಂದ. ಗೇಟಿನಲ್ಲಿ ಕಾವಲುಗಾರ ಅಭ್ಯಾಸಬಲದಿಂದ ಕೇಳಿದ.

"ಯಾವೂರು?"

ಮಾಂಝಿ ಹೊರಗೆ ಕೂತವರನ್ನು ನೋಡಿದ. ಜಂಪಣ್ಣ ಸರಿದು ಪಕ್ಕದಲ್ಲಿ ಜಾಗ ಮಾಡಿದ.

"ದೊಡ್ಡಉಳ್ಳಾರ್ತಿ" ಎಂದ ಮಾಂಝಿ. ಬಂದು ಆ ಜಾಗದಲ್ಲಿ ಕೂತ.