ಬೆನ್ನು ಸಾಕು, ಇನ್ನು ಮಾರಿ ನೋಡಲಿ

ತುರ್ವಿಹಾಳದಾಚೆ ಕಾಲುವೆ ನೀರು ಉಣ್ಣುವ ಒಂದು ಊರು. ನೆಲ್ಲು ಹಚ್ಚುವ ಹಂಗಾಮು ಬಂತೆಂದರೆ ಆ ಊರ ಸಾಲಿಯ ಹಿಂದಿನ ಬೆಂಚುಗಳು ಖಾಲಿ. ಅವ್ವಂದಿರು ಕೆಸರಿಗಿಳಿದರೆ ಹೆಣ್ಣುಮಕ್ಕಳು ಸಸಿಯ ಕಟ್ಟು ಹೊರುತ್ತಾರೆ. ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆ ಅನ್ನ ಉಣ್ಣುವವರಂತೂ ಮೊದಲೇ ಅನ್ನುವುದಿಲ್ಲ.

ಕೂಲಿ ಮುಗಿಸಿ ಬಂದ ಹುಸೇನಮ್ಮ ನಳದ ಕಟ್ಟೆಯಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಳು. ಎಂಟನೇ ಇಯತ್ತೆ ಓದುವ ಮಗಳು ಮೌನೇಶ್ವರಿ ಓಡಿ ಬಂದಳು.

"ಯವ್ವಾ, ನಾಡಿದ್ದು ನಮ್ಮ ಸಾಲಿ ಟಿವಿಯಾಗ ವಿಯೆಟ್ನಾಂ ದೇಶದ ಹುಡುಗ್ರು ಬರ್ತಾರ! ನಾವು ಅವರಿಗೆ ಕಾಣ್ತೀವಿ, ಅವರು ನಮಗ ಕಾಣ್ತಾರ. ಮಾತಾಡಬೌದಂತ!"

ಹುಸೇನಮ್ಮನ ಕೈ ನಿಂತಿತು. "ನೀ ಯಾಕ ಕಾಣಬೇಕು ಅವರಿಗೆ?"

"ಸಾಲಿಗೆ ಸಾಲಿ ಗೆಳೆತನಂತವ್ವಾ."

"ಗೆಳೆತನ! ಪಕ್ಕದ ಓಣಿಯವ್ರು ನಮ್ಮ ಮನ್ಯಾಗ ನೀರು ಕುಡಿಯಂಗಿಲ್ಲ, ಸಮುದ್ರದ ಆಚಿಗಿನವ್ರು ಗೆಳೆತನ ಮಾಡ್ತಾರಂತ. ನಾಡಿದ್ದು ಸಾಲಿ ಬ್ಯಾಡ. ನನ್ನ ಕೂಡ ಸಸಿ ಹೊರಾಕ ಬಾ."

ಕೊಡ ತುಂಬುತ್ತಿದ್ದ ನೆರೆಮನೆಯ ಕಸ್ತೂರೆಮ್ಮ ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು. "ಖರೇ ಹೇಳಿದಿ ನೋಡಬೇ. ಫೋನಿನ್ಯಾಗ ಹುಡಿಗ್ಯಾರ ಮಾರಿ ಹಿಡಕೊಂಡು ಏನೇನೋ ಮಾಡ್ತಾರಂತ."

ಹುಸೇನಮ್ಮನ ಸಂಶಯಕ್ಕೆ ಬೇರು ಬೇರೆಯೇ ಇತ್ತು. ಹಿಂದೊಮ್ಮೆ ಯಾರೋ ಕಾರಿನಲ್ಲಿ ಬಂದು, ಬದುವಿನ ಮೇಲೆ ನಿಂತು, ಬಗ್ಗಿ ಸಸಿ ಹಚ್ಚುತ್ತಿದ್ದವರ ಫೋಟೊ ತೆಗೆದುಕೊಂಡು ಹೋಗಿದ್ದರು. ಹೇಳಲಿಲ್ಲ, ಕೇಳಲಿಲ್ಲ. ಮುಂದೆ ಸಿಂಧನೂರಿನ ಗೊಬ್ಬರದಂಗಡಿಯೊಂದರ ಗೋಡೆಯ ಕ್ಯಾಲೆಂಡರಿನಲ್ಲಿ ಆಕೆ ತನ್ನನ್ನೇ ಕಂಡಳು. ಕುಪ್ಪಸದ ಬೆನ್ನಿಗೆ ತಾನೇ ಹಚ್ಚಿದ ಹಸಿರು ತೇಪೆಯಿಂದ ಗುರುತು ಸಿಕ್ಕಿತು. ಬರೀ ಬೆನ್ನು. ಮಾರಿ ಇಲ್ಲ, ಹೆಸರಿಲ್ಲ. ಆ ಬೆನ್ನಿನ ಕೆಳಗೆ ಯಾವುದೋ ಕಂಪನಿಯ ಗೊಬ್ಬರದ ಚೀಲ ನಗುತ್ತಿತ್ತು.

ಮರುದಿನ ಸಂಜೆ ಸಾಲಿಯ ಶಾಹೀಸ್ತಾ ಮೇಡಂ ತಾವು ಮನೆಗೆ ಹೋಗುವ ಮಸ್ಕಿಯ ಬಸ್ಸು ಬಿಟ್ಟು ಹುಸೇನಮ್ಮನ ಮನೆಗೆ ಬಂದರು.

"ಹುಸೇನಮ್ಮಕ್ಕ, ಮೌನೇಶ್ವರಿನ್ನ ಕಳಸಂಗಿಲ್ಲ ಅಂದ್ಯಂತಲ್ಲ?"

"ನಮ್ಮ ಬಡತನ ತೋರಿಸಿ ಏನು ಮಾರಾಕತ್ತೀರಿ ಮೇಡಂರಿ?"

ಮೇಡಂ ಸಿಟ್ಟಾಗಲಿಲ್ಲ, ಹೊಸ್ತಿಲ ಮೇಲೇ ಕುಳಿತರು. "ಏನೂ ಮಾರಂಗಿಲ್ಲ. ಅದೂ ನಮ್ಮಂಗ ಒಂದು ಸಾಲಿ. ಆ ಟೀಚರ್ ಕೂಡ ನಾ ಮೊದಲ ಮಾತಾಡೀನಿ. ಮಕ್ಕಳು ಮಾತಾಡೋವಾಗ ಇಬ್ಬರೂ ಅಲ್ಲೇ ಇರ್ತೀವಿ. ಹೊರಗಿನವ್ರು ನಡುವ ಬರದಂಗ ಆ ಟಿವಿ ಮಾತಿನ ಬಾಗಲಕ್ಕ ಗುಟ್ಟಿನ ನಂಬರ್ ಐತಿ. ಮಕ್ಕಳು ಬರೇ ಹೆಸರು ಹೇಳ್ತಾರ. ಮನಿ ವಿಳಾಸ, ಫೋನ್ ನಂಬರ್ ಹೇಳಂಗಿಲ್ಲ."

"ಅವ್ರು ಫೋಟೊ ಹೊಡಕೊಂಡ್ರ?"

"ಹೊಡಿಯಂಗಿಲ್ಲಂತ ಮಾತಾಗೈತಿ. ಆದ್ರ ಖಂಡಿತ ತಪ್ಪಂಗಿಲ್ಲಂತ ನಾ ಆಣಿ ಮಾಡಾಕ ಬರಂಗಿಲ್ಲಕ್ಕ. ಅದಕ್ಕ ಕೇಳಾಕ ಬಂದೀನಿ. ನೀ ಬ್ಯಾಡಂದ್ರ ಮೌನೇಶ್ವರಿ ಕ್ಯಾಮೆರಾ ಮುಂದ ಕುಂದ್ರಂಗಿಲ್ಲ. ಬಾಜೂಕ ಕುಂತು ಕೇಳತಾಳ."

ಆಣೆ ಮಾಡಿದ್ದರೆ ಹುಸೇನಮ್ಮ ನಂಬುತ್ತಿರಲಿಲ್ಲ. ಮಾಡಲಿಲ್ಲವೆಂದೇ ಸ್ವಲ್ಪ ನಂಬಿದಳು. ಆದರೂ ಬಿಡಲಿಲ್ಲ. "ಅವ್ರು ನಮ್ಮನ್ನ ಕೇಳಿದಂಗ ನಮ್ಮ ಹುಡುಗ್ರೂ ಅವರನ್ನ ಕೇಳಬೌದೇನು?"

"ಏನ್ ಬೇಕಾದ್ರೂ."

"ಹಂಗಾದ್ರ ನಾನೂ ಬರ್ತೀನಿ. ಕಣ್ಣಾರೆ ನೋಡತೀನಿ."

ಮರುದಿನ ಕೂಲಿ ಬಿಟ್ಟು ಹುಸೇನಮ್ಮ ಸಾಲಿಗೆ ಹೋದಳು. ಬಾಗಿಲಲ್ಲಿ ಸೂಗಪ್ಪ ಸಾಹುಕಾರ ನಿಂತಿದ್ದ. ಸಾಲಿಯ ಸಮಿತಿಯವನು. ಹುಸೇನಮ್ಮ ನೆಲ್ಲು ಹಚ್ಚುವುದು ಅವನದೇ ಗದ್ದೆಯಲ್ಲಿ. ಒಳಗೆ ಟಿವಿಯ ಮುಂದೆ ಬೂಟು ಹಾಕಿದ, ಎಣ್ಣೆ ಹಚ್ಚಿ ಬಾಚಿದ ಹುಡುಗರ ಸಾಲು. ಕೂಲಿಕಾರರ ಮಕ್ಕಳು ಗೋಡೆಗಂಟಿ ಕೂತಿದ್ದರು, ಕ್ಯಾಮೆರಾ ಕಣ್ಣು ಹಾಯದ ಮೂಲೆಯಲ್ಲಿ. ಮೌನೇಶ್ವರಿಯೂ ಅಲ್ಲೇ.

"ಇವರನ್ನ ಇಲ್ಲಿ ಕೂಡಿಸಿದವ್ರು ಯಾರು?" ಎಂದಳು ಹುಸೇನಮ್ಮ.

"ನಾನಬೇ," ಎಂದ ಸೂಗಪ್ಪ. "ಪರದೇಶದವ್ರು ನೋಡ್ತಾರ. ಊರ ಮರ್ಯಾದಿ ಐತಿಲ್ಲೋ? ನಿನಗೂ ಮಗಳು ಕಾಣೋದು ಬ್ಯಾಡಾಗಿತ್ತಲ್ಲ!"

ಹುಸೇನಮ್ಮನಿಗೆ ಕ್ಯಾಲೆಂಡರು ನೆನಪಾಯಿತು. ಅಲ್ಲಿಯತನಕ ವಿಯೆಟ್ನಾಂ ಕಡೆ ತಿರುಗಿದ್ದ ಸಂಶಯ ಗಕ್ಕನೆ ಊರ ಕಡೆ ತಿರುಗಿತು.

"ಬ್ಯಾಡ ಅನ್ನಾಕ ನಾ ಹಡದಾಕಿ ಅದೀನ್ರಿ ಸಾವ್ಕಾರ್ರಿ. ನೀವ್ಯಾರು? ಗದ್ದ್ಯಾಗ ಬೆನ್ನು ತೋರಸಾಕ ನಾವು, ಇಲ್ಲಿ ಮಾರಿ ತೋರಸಾಕ ನಿಮ್ಮ ಮಕ್ಕಳಾ? ಮೇಡಂರಿ, ಇದಕ್ಕ ನೀವೂ ಹೂಂ ಅಂದೀರಾ?"

ಶಾಹೀಸ್ತಾ ಮೇಡಂ ತಲೆ ತಗ್ಗಿಸಿದರು. "ಸಾಹುಕಾರ್ರು ಅಂದ್ರು, ನಾ ಸುಮ್ಮನಾದೆ. ತಪ್ಪಾತಕ್ಕ." ತಲೆ ಎತ್ತಿದಾಗ ದನಿ ಬೇರೆಯಾಗಿತ್ತು. "ಹುಡುಗ್ರಾ, ಎಲ್ರೂ ಏಳ್ರಿ. ಒಂದು ಸಾಲು ಮಾತಾಡಿದ ಮ್ಯಾಲೆ ಇನ್ನೊಂದು ಸಾಲು ಮುಂದ ಬರಬೇಕು. ಗೋಡಿ ಕಡಿಯವ್ರು ಮೊದಲ."

ಮೌನೇಶ್ವರಿ ಅವ್ವನ ಮಾರಿ ನೋಡಿದಳು. "ಹೋಗು," ಎಂದಳು ಹುಸೇನಮ್ಮ.

ಟಿವಿಯಲ್ಲಿ ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡ ಮಕ್ಕಳು ಬಂದರು. ಲಾನ್ ಎಂಬ ಹುಡುಗಿ ಏನೋ ಕೇಳಿದಳು. ಅವರ ಟೀಚರ್ ಇಂಗ್ಲಿಷಿಗೆ, ಶಾಹೀಸ್ತಾ ಮೇಡಂ ಕನ್ನಡಕ್ಕೆ ತಂದರು: "ನಿಮ್ಮವ್ವ ಏನು ಕೆಲಸ ಮಾಡ್ತಾರ ಅಂತ ಕೇಳ್ತಾಳ."

"ನೆಲ್ಲು ಹಚ್ಚತಾಳ," ಎಂದಳು ಮೌನೇಶ್ವರಿ.

ಮಾತು ಆಚೆ ತಲುಪಿದ್ದೇ ಅಲ್ಲಿ ನಗೆ ಎದ್ದಿತು. ಹುಸೇನಮ್ಮ ಮನಸ್ಸಿನಲ್ಲೇ ಅಂದುಕೊಂಡಳು: ನಗತಾರ, ನಾ ಅಂದಿಲ್ಲೇನು? ಅಷ್ಟರಲ್ಲಿ ಲಾನ್ ಎದ್ದು, ಸೊಂಟ ಬಗ್ಗಿಸಿ, ಕೈಯಲ್ಲಿ ಇಲ್ಲದ ಸಸಿ ಹಚ್ಚುತ್ತ ಹಿಂದೆ ಹಿಂದೆ ನಡೆದು ಬೆಂಚಿಗೆ ಬಡಿದು ಬಿದ್ದಳು.

"ಅವಳ ಅಜ್ಜಿನೂ ನೆಲ್ಲು ಹಚ್ಚತಾರಂತ," ಮೇಡಂ ನಗುತ್ತ ಹೇಳಿದರು. "ಮೊಮ್ಮಗಳಿಗೆ ಬರಂಗಿಲ್ಲಂತ, ಅದಕ್ಕ ನಗಾಕತ್ತಾರ."

"ಅಯ್ಯ, ಇಕಿ ನಮ್ಮವಳು ಬಿಡು!" ಎಂದಳು ಹುಸೇನಮ್ಮ. ಎರಡೂ ದೇಶದ ಮಕ್ಕಳು ನಕ್ಕರು.

ಈಗ ಕೇಳುವ ಸರದಿ ಮೌನೇಶ್ವರಿಯದು. "ನಿಮ್ಮೂರಾಗ ಹೆಣ್ಣಾಳಿಗೂ ಗಂಡಾಳಿಗೂ ಕೂಲಿ ಒಂದ ಐತೇನು?"

ಲಾನ್ ತಲೆ ಕೆರೆದುಕೊಂಡಳು. "ಗೊತ್ತಿಲ್ಲ. ಅಜ್ಜಿನ್ನ ಕೇಳಿ ಮುಂದಿನ ಸಲ ಹೇಳ್ತೀನಿ. ನಿಮ್ಮಲ್ಲಿ?"

ಮೌನೇಶ್ವರಿ ಬಾಗಿಲ ಕಡೆ ನೋಡಿದಳು. ಸೂಗಪ್ಪ ತಿರುಗದ ಫ್ಯಾನು ನೋಡುತ್ತಿದ್ದ.

"ಇಲ್ಲ," ಎಂದಳು ಮೌನೇಶ್ವರಿ, ಕ್ಯಾಮೆರಾಕ್ಕೆ ಮಾರಿ ಕೊಟ್ಟು. "ನಮ್ಮಲ್ಲಿ ಒಂದ ಇಲ್ಲ."

ಮರುದಿನ ನಸುಕಿನಲ್ಲಿ ಕೂಲಿಯವರ ಟಂಟಂ ಬಂದಾಗ ಹುಸೇನಮ್ಮ ಒಬ್ಬಳೇ ಹತ್ತಿದಳು.

"ಮಗಳೆಲ್ಲಿ?" ಎಂದಳು ಕಸ್ತೂರೆಮ್ಮ.

"ಸಾಲ್ಯಾಗ. ಲಾನ್ ಅಜ್ಜಿ ಏನಂದಳು ಅಂತ ಕೇಳಬೇಕಲ್ಲ. ನಿನ್ನ ಮಗಳನ್ನೂ ಕಳಿಸಬೇ. ನೀನೂ ಹೋಗಿ ಕುಂದ್ರು, ಕಣ್ಣು ತೆರಕೊಂಡು."

ಅವ್ವಂದಿರೇ, ಅಪ್ಪಂದಿರೇ, ನಿಮ್ಮ ಸಾಲಿಗೂ ಇಂಥ ಕಿಟಕಿ ಬರಬಹುದು. ಸಂಶಯ ಬಿಡಬೇಡಿ, ಅದನ್ನು ಸೆರಗಿಗೆ ಕಟ್ಟಿಕೊಂಡೇ ಸಾಲಿಗೆ ಹೋಗಿ. ಆಚೆ ಯಾರಿದ್ದಾರೆ, ಟೀಚರ್ ಜೊತೆಗಿರುತ್ತಾರೋ ಇಲ್ಲವೋ, ಫೋಟೊ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ವಿಳಾಸ, ಫೋನ್ ನಂಬರ್ ಯಾರಿಗೂ ಕೊಡಬಾರದೆಂದು ಮಕ್ಕಳಿಗೆ ಹೇಳಿಕೊಡಿ. ಎಲ್ಲಕ್ಕಿಂತ ಹೆಚ್ಚಾಗಿ, ಕ್ಯಾಮೆರಾ ಮುಂದೆ ಯಾರ ಮಕ್ಕಳು ಕೂತಿದ್ದಾರೆ, ಗೋಡೆಗಂಟಿ ಯಾರ ಮಕ್ಕಳಿದ್ದಾರೆ ನೋಡಿ. ನಿಮ್ಮ ಮಗಳು ಗೋಡೆ ಕಡೆ ಇದ್ದರೆ ಸುಮ್ಮನೆ ತಿರುಗಿ ಬರಬೇಡಿ. ಲೋಕ ನಮ್ಮ ಬೆನ್ನು ಸಾಕಷ್ಟು ನೋಡಿದೆ.